ಲೆಕ್ಕದ ವಹಿ ಎಲ್ಲಿದೆ ಎಂದು ಕೇಳಿದರು

ರಾಣೆಬೆನ್ನೂರಿನಿಂದ ತಾವು ಕೇಳಿರುವ ಪ್ರಶ್ನೆಯ ಸಾರ ಇಷ್ಟು: ಅಂಗಡಿ ಮುಚ್ಚಿತು, ನಂಟರು ನಂಬಿ ಕೊಟ್ಟ ರೊಕ್ಕವೂ ಅದರೊಂದಿಗೆ ಹೋಯಿತು, ಭಾನುವಾರದ ಆರಾಧನೆಗೆ ಹೋಗಲು ಮುಖವಿಲ್ಲ, ದೇವರು ಕ್ಷಮಿಸಿದ್ದಾನೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಎದೆಯ ಮೇಲಿನ ಭಾರ ಇಳಿಯುತ್ತಿಲ್ಲ, ಕ್ರಿಸ್ತನಲ್ಲಿಟ್ಟ ವಿಶ್ವಾಸದಿಂದ ಇಂಥ ಸೋಲನ್ನು ದಾಟಿದವರು ನಿಜವಾಗಿ ಇದ್ದಾರೆಯೇ? ದಾಟಿದ್ದೇನೆ ಎಂದು ಎದೆ ತಟ್ಟಿ ಹೇಳುವ ಸ್ಥಿತಿಯಲ್ಲಿ ನಾನಿಲ್ಲ. ಆದರೆ ತಾವು ಈಗ ನಿಂತಿರುವಲ್ಲಿ ನಾನೂ ಕೆಲವು ತಿಂಗಳು ನಿಂತಿದ್ದೆನಾದ್ದರಿಂದ, ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ನಾನು ಗದಗ-ಬೆಟಗೇರಿಯವನು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕ್ರೈಸ್ತ ಪ್ರಚಾರಕರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು, 1841ರಲ್ಲಿ ಬೆಟಗೇರಿಯಲ್ಲಿ ನೆಲೆ ಮಾಡಿದರು. ಅವರಿಂದ ಬೆಳೆದು ಬಂದ ಸಭೆಯಲ್ಲಿ ನಮ್ಮದು ನಾಲ್ಕನೆಯ ತಲೆಮಾರು. ಇಷ್ಟು ಹಳೆಯ ಸಭೆಯಲ್ಲಿ ಹುಟ್ಟಿದವನಿಗೆ ಒಂದು ಅನುಕೂಲವಿದೆ, ಒಂದು ಅನನುಕೂಲವೂ ಇದೆ: ಎಲ್ಲರಿಗೂ ನೀವು ಗೊತ್ತು. ಗದಗು ಮುದ್ರಣಕ್ಕೆ ಹೆಸರಾದ ಊರು. ನಾನು ಸಾಲ ತೆಗೆದು ಹಳೆಯ ಆಫ್‌ಸೆಟ್ ಯಂತ್ರವೊಂದನ್ನು ಕೊಂಡು ಲಗ್ನಪತ್ರಿಕೆ, ರಸೀದಿ ಪುಸ್ತಕ, ಶಾಲೆಯ ವರದಿ ಪತ್ರಗಳನ್ನು ಮುದ್ರಿಸುತ್ತಿದ್ದೆ. ಜನ ವಾಟ್ಸಾಪ್‌ನಲ್ಲಿ ಲಗ್ನಪತ್ರಿಕೆ ಕಳಿಸಲು ಶುರುಮಾಡಿದ ಮೇಲೆ ಕೆಲಸ ವರ್ಷದಿಂದ ವರ್ಷಕ್ಕೆ ಇಳಿಯಿತು. ಅದು ಸೋಲು, ಆದರೆ ನಾಚಿಕೆಪಡುವ ಸೋಲಲ್ಲ. ನಾಚಿಕೆ ಮುಂದಿನ ಮಾತಿನಲ್ಲಿದೆ.

ನಮ್ಮ ಓಣಿಯಲ್ಲಿ ಇಪ್ಪತ್ತು ಜನರ ಭಿಶಿ ಇತ್ತು. ಮೈಸೂರು ಕಡೆಯವರು ಚೀಟಿ ಎನ್ನುವುದನ್ನೇ ನಾವು ಭಿಶಿ ಎನ್ನುತ್ತೇವೆ. ತಿಂಗಳಿಗೆ ತಲಾ 2,000 ರೂಪಾಯಿ, ಒಟ್ಟು 40,000. ಯಾರ ಹೆಸರಿನ ಚೀಟಿ ಏಳುತ್ತದೆಯೋ ಆ ತಿಂಗಳ ಹಣ ಅವರಿಗೆ. ಸಂಗ್ರಹಿಸಿ, ವಹಿ ಬರೆದು, ಹಂಚುವ ಕೆಲಸ ನನ್ನದು, ಏಕೆಂದರೆ ನಾನು ಸಭೆಯ ಹುಡುಗ, ಸುಳ್ಳು ಹೇಳುವವನಲ್ಲ. 2019ರ ಡಿಸೆಂಬರಿನಲ್ಲಿ ಬ್ಯಾಂಕಿನ ಕಂತಿಗೆ ಹಣ ಸಾಲದೆ, ಹದಿನಾಲ್ಕನೆಯ ತಿಂಗಳ ಭಿಶಿಯನ್ನು ಕಂತಿಗೆ ಕಟ್ಟಿ, ಚೀಟಿ ಎದ್ದ ಹೆಣ್ಣುಮಗಳಿಗೆ "ಮುಂದಿನ ತಿಂಗಳು ಕೊಡುತ್ತೇನೆ" ಎಂದೆ. ಜನವರಿಯಲ್ಲೂ ಹಾಗೆಯೇ ಆಯಿತು, ಫೆಬ್ರವರಿಯಲ್ಲೂ ಹಾಗೆಯೇ. ಮೂರು ಜನರಿಗೆ ಸೇರಬೇಕಾದ 1,20,000 ರೂಪಾಯಿ ಮುಗಿಯಿತು. ಆ ಹಣದಲ್ಲಿ 5,000ವನ್ನು, ಬೀಜದ ಕಾಣಿಕೆ ಬಿತ್ತಿದರೆ ನೂರರಷ್ಟು ಬರುತ್ತದೆಂದು ಬೋಧಿಸಿದ ಒಂದು ಪ್ರಾರ್ಥನಾ ಕೂಟದಲ್ಲಿ ಲಕೋಟೆಯಲ್ಲಿಟ್ಟು ಹಾಕಿಬಂದೆ. ಪರರ ಹಣವನ್ನು ದೇವರಿಗೆ ಬಡ್ಡಿಗೆ ಕೊಡಹೋದವನು ನಾನು. ಈ ಬಗೆಯ ಬೋಧನೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಆದರೆ ಲಕೋಟೆಗೆ ಹಣ ತುಂಬಿದ ಕೈ ನನ್ನದೇ.

ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಲಗ್ನಸರಾಯಿಯ ಆರ್ಡರುಗಳೆಲ್ಲ ರದ್ದಾದವು, ಭಿಶಿಯೂ ನಿಂತಿತು. ಆಗ ನನಗಾದದ್ದು ದುಃಖವಲ್ಲ, ನೆಮ್ಮದಿ. ಇನ್ನು ಮುಂದೆ ಯಾರು ಕೇಳಿದರೂ ಲಾಕ್‌ಡೌನ್ ಎನ್ನಬಹುದಿತ್ತು. ಚರ್ಚುಗಳು ಮತ್ತೆ ತೆರೆದ ಮೇಲೂ ನಾನು ಹೋಗಲಿಲ್ಲ. ಪ್ರಾರ್ಥನೆ ಮಾತ್ರ ಮಾಡುತ್ತಿದ್ದೆ, ವಿಪರೀತ ಮಾಡುತ್ತಿದ್ದೆ, ಮತ್ತು ಪ್ರತಿ ಪ್ರಾರ್ಥನೆಯಲ್ಲೂ ಕೇಳುತ್ತಿದ್ದುದು ಒಂದೇ: ಯಾರಿಗೂ ಗೊತ್ತಾಗುವ ಮೊದಲು ಎಲ್ಲಿಂದಲಾದರೂ ಹಣ ಬರಲಿ. ಆ ಪ್ರಾರ್ಥನೆ ಈಡೇರಲಿಲ್ಲ. ಈಡೇರಿದ್ದರೆ ನಾನು ಏನಾಗುತ್ತಿದ್ದೆನೋ ನೆನೆಯಲೂ ಹೆದರಿಕೆಯಾಗುತ್ತದೆ.

ಆ ವರ್ಷದ ದಸರೆಯ ಹೊತ್ತಿಗೆ ಒಂದು ಮಧ್ಯಾಹ್ನ ನಮ್ಮ ಸಭಾಪಾಲಕರು ಮುಚ್ಚಿದ ಪ್ರೆಸ್ಸಿಗೆ ಬಂದರು. ಶಟರು ಅರ್ಧ ಎತ್ತಿ ಬಗ್ಗಿ ಒಳಗೆ ಬಂದವರು, ರೋಲರುಗಳ ಮೇಲೆ ಶಾಯಿ ಒಣಗಿ ಹೆಕ್ಕಳಿಕೆಯಾಗಿ ಕೂತಿದ್ದುದನ್ನು ಉಗುರಿನಿಂದ ಕೆರೆದು ನೋಡಿದರು, ಮಾತಾಡಲಿಲ್ಲ. ಕಾಗದದ ರಿಮ್ಮಿನ ಮೇಲೆ ಕುಳಿತು ಚೀಲದಿಂದ ಡಬ್ಬಿ ತೆಗೆದರು: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. "ಮೊದ್ಲ ಊಟಾ ಮಾಡೂಣು" ಎಂದರು. ಊಟವಾದ ಮೇಲೆ ನಾನೇ ಎಲ್ಲ ಹೇಳಿ ಅತ್ತುಬಿಟ್ಟೆ. ಅವರು ಸುಮ್ಮನೆ ಕೇಳಿ, "ದೇವರು ಕ್ಷಮಿಸ್ಯಾನ, ಅದು ಖರೇನ ಐತಿ. ಲೆಕ್ಕದ ವಹಿ ಎಲ್ಲೈತಿ, ತಗೊಂಡು ಬಾ" ಎಂದರು.

ಆ ಎರಡು ವಾಕ್ಯಗಳ ನಡುವೆ ಅವರು ಉಸಿರನ್ನೂ ತೆಗೆದುಕೊಳ್ಳಲಿಲ್ಲ. ನಾನು ಎಂಟು ತಿಂಗಳು ಮುಟ್ಟದ ವಹಿಯನ್ನು ಬಿಚ್ಚಿ ಮೂರು ಹೆಸರುಗಳ ಮುಂದೆ ಮೂರು ಮೊತ್ತಗಳನ್ನು ಅವರೇ ಬರೆದರು. ಸಾಲ ತೀರಿಸಿಯೇ ಕರ್ತನ ಮೇಜಿಗೆ, ಅಂದರೆ ಚರ್ಚಿನ ಪ್ರಭುಭೋಜನಕ್ಕೆ, ಬರುತ್ತೇನೆ, ಅಲ್ಲಿಯತನಕ ಬೇಡ ಎಂದು ನಾನು ಹೇಳಿದಾಗ, ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯವನ್ನು ನೆನಪಿಸಿದರು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಸಹೋದರನೊಂದಿಗೆ ಒಂದಾಗು ಎಂದು ಯೇಸು ಹೇಳುವ ಮಾತದು. "ರಾಜಿ ಆಗಿ ಬಾ ಅಂತ ಐತಿ, ಸಾಲಾ ತೀರಿಸಿ ಬಾ ಅಂತ ಇಲ್ಲ. ಶನಿವಾರದೊಳಗ ಮೂರೂ ಮನಿಗೆ ಹೋಗು, ಐತಾರ ಚರ್ಚಿಗೆ ಬಾ."

ತಮ್ಮ ಪ್ರಶ್ನೆಗೆ ನನ್ನಲ್ಲಿರುವ ಉತ್ತರವೆಲ್ಲ ಆ ಅನುಕ್ರಮದಲ್ಲಿದೆ. ನಾನು ತಿಳಿದಿದ್ದ ಅನುಕ್ರಮ ಬೇರೆ: ಮೊದಲು ಗೆಲ್ಲಬೇಕು, ಆಮೇಲೆ ಮುಖ ತೋರಿಸಬೇಕು, ಕೊನೆಗೆ ಕ್ಷಮೆ. ಕ್ಷಮೆಯೇ ಮೊದಲು ಎಂದಾದಾಗ ವಹಿಯನ್ನು ತೆರೆಯುವಷ್ಟು ಶಕ್ತಿ ಬಂತು. ಎದೆಯ ಭಾರ ಇಳಿಯುತ್ತಿಲ್ಲ ಎಂದು ತಾವು ಬರೆದಿದ್ದೀರಿ. ನನ್ನ ಊಹೆ ತಪ್ಪಿರಬಹುದು, ಆದರೆ ಕ್ಷಮೆಯ ಮಾತನ್ನು ಹೇಳಿದವರು ಯಾರೂ ತಮ್ಮ ವಹಿಯನ್ನು ಕೇಳಿಲ್ಲವೇನೋ. ವಹಿ ಕೇಳದ ಕ್ಷಮೆ ಬರಿಯ ಉಪಚಾರದ ಮಾತಾಗಿ ಕೇಳಿಸುತ್ತದೆ.

ಆ ದಿನಗಳಲ್ಲಿ ನಾನು, ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರನ ಕಥೆಗಿಂತ ಹೆಚ್ಚಾಗಿ, ಹಣಕ್ಕೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಕಥೆಯನ್ನು ಓದುತ್ತಿದ್ದೆ. ಗಮನಿಸಿ: ಹಣವನ್ನು ಹಿಂದಿರುಗಿಸಿದವನು ಯೂದ, ಪೇತ್ರನಲ್ಲ. ಮೂವತ್ತು ಬೆಳ್ಳಿ ನಾಣ್ಯಗಳನ್ನು ಪೂರ್ತಿಯಾಗಿ ತಂದು, ನಾನು ಪಾಪ ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ. ಆದರೆ ಅದನ್ನು ಹೇಳಿದ್ದು ಯಾರಿಗೆ? ಯಾಜಕರಿಗೆ. ಅದರಿಂದ ನಮಗೇನು, ಅದು ನಿನ್ನ ಪಾಡು ಎಂದು ಅವರು ಕೈತೊಳೆದುಕೊಂಡರು. ಅವನು ಹೋಗಿ ಉರುಲು ಹಾಕಿಕೊಂಡ. ಪೇತ್ರ ತೀರಿಸಿದ್ದೇನೂ ಇಲ್ಲ, ಕಣ್ಣೀರಿಟ್ಟ, ಅಷ್ಟೇ. ಆದರೆ ತನ್ನ ಜನರ ನಡುವೆಯೇ ಉಳಿದ. ಮಾರ್ಕನ ಸುವಾರ್ತೆಯಲ್ಲಿ ಯೇಸುವಿನ ಬರಿದಾದ ಸಮಾಧಿಯ ಬಳಿ ಹೆಂಗಸರಿಗೆ ಸಿಗುವ ಅಪ್ಪಣೆ ಕೂಡ ಶಿಷ್ಯರಿಗೂ ಪೇತ್ರನಿಗೂ ತಿಳಿಸಿ ಎಂದಿದೆ, ಸೋತವನ ಹೆಸರನ್ನು ಬೇರೆಯಾಗಿ ಹಿಡಿದು ಕರೆದಂತೆ.

ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯವನ್ನು ತಾವು ಒಮ್ಮೆ ನಿಧಾನವಾಗಿ ಓದಬೇಕು. ಸತ್ತು ಎದ್ದ ಯೇಸು ಶಿಷ್ಯರಿಗೆ ಕಾಣಿಸಿಕೊಳ್ಳುವ ತಿಬೇರಿಯ ಸಮುದ್ರದ ದಡದಲ್ಲಿ ಇದ್ದಲಿನ ಬೆಂಕಿ ಇದೆ. ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ: ಇಲ್ಲಿ, ಮತ್ತು ಪೇತ್ರ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತ ತನ್ನ ಗುರುವನ್ನು ಅರಿಯೆನೆಂದ ಆ ರಾತ್ರಿಯ ವರ್ಣನೆಯಲ್ಲಿ. ಬಲೆಯಲ್ಲಿ ನೂರ ಐವತ್ತಮೂರು ಮೀನು ಇರುವಾಗಲೂ ಯೇಸು ಮೊದಲು ಊಟಕ್ಕೆ ಕರೆಯುತ್ತಾನೆ. ನನ್ನನ್ನು ಪ್ರೀತಿಸುತ್ತೀಯಾ ಎಂಬ ಪ್ರಶ್ನೆ ಊಟದ ನಂತರ. ಆದರೆ ಪ್ರಶ್ನೆ ಇದ್ದೇ ಇದೆ, ಮೂರು ಸಲ, ಪೇತ್ರನಿಗೆ ನೋವಾಗುವವರೆಗೆ. ನಮ್ಮ ಅಯ್ಯನವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಡಬ್ಬಿ ತಂದಿದ್ದರೋ, ಅವರಿಗೆ ಬರಿಯ ಹಸಿವಾಗಿತ್ತೋ, ನಾನು ಕೇಳಿಲ್ಲ.

ಮೂರು ಮನೆಗಳಿಗೂ ಹೋದೆ. ಒಬ್ಬರು ರೈಲ್ವೆಯಿಂದ ನಿವೃತ್ತರಾದ ಹಿರಿಯರು, ಬೈದರು, ಅದು ನ್ಯಾಯವಾಗಿತ್ತು. ಒಬ್ಬರು ನರ್ಸ್, ಬಾಗಿಲಲ್ಲೇ ನಿಲ್ಲಿಸಿ ಕೇಳಿ ಒಳಗೆ ಹೋದರು. ಮೂರನೆಯವರು ಬೆಟಗೇರಿಯ ನೇಕಾರ ಹೆಣ್ಣುಮಗಳು, ಮೊದಲು ಮೋಸ ಹೋದವರು, ಮಗ್ಗ ನಿಲ್ಲಿಸದೆಯೇ ಎಲ್ಲ ಕೇಳಿ, "ರೊಕ್ಕದ್ದು ಆಮ್ಯಾಲೆ. ಇಷ್ಟ ದಿನಾ ಮಾರಿ ಯಾಕ ತೋರ್ಸಲಿಲ್ಲ?" ಎಂದರು. ನನಗೆ ಉತ್ತರ ಇರಲಿಲ್ಲ.

ಭಿಶಿಯ ಉಳಿದ ನಾಲ್ಕು ತಿಂಗಳನ್ನು ಓಣಿಯ ಬೇರೊಬ್ಬರು ನಡೆಸಿ ಮುಗಿಸಿದರು. ಯಂತ್ರ ಮಾರಿ ಬಂದ ಹಣ ಬ್ಯಾಂಕಿಗೆ ಹೋಯಿತು. ನಾನು ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ ಯಂತ್ರ ನಡೆಸುವ ಕೆಲಸಕ್ಕೆ ಸೇರಿ, ತಿಂಗಳಿಗೆ 6,000 ತೀರಿಸುತ್ತ ಬಂದೆ. ಯೇಸುವನ್ನು ಕಂಡು ಮನಸ್ಸು ಬದಲಿಸಿದ ಸುಂಕದವನು ಜಕ್ಕಾಯನು, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದಿದ್ದ. ಅಷ್ಟು ನನ್ನ ಅಳವಲ್ಲ. ಬೈಬಲಿನ ಯಾಜಕಕಾಂಡದ ಆರನೆಯ ಅಧ್ಯಾಯವು ಮೋಸದಿಂದ ತೆಗೆದುಕೊಂಡದ್ದಕ್ಕೆ ಐದನೆಯ ಒಂದು ಪಾಲನ್ನು ಕೂಡಿಸಿ ಕೊಡಬೇಕೆನ್ನುತ್ತದೆ. ಅದರಂತೆ ತಲಾ 48,000 ಎಂದು ಬರೆದುಕೊಂಡೆ. ನೇಕಾರ ಹೆಣ್ಣುಮಗಳು ಹೆಚ್ಚಿನ 8,000ವನ್ನು ಮುಟ್ಟಲಿಲ್ಲ. ಇಪ್ಪತ್ತಮೂರನೆಯ ಕಂತಿಗೆ ವಹಿ ಮುಗಿಯಿತು.

ವಿಶ್ವಾಸ ಮಾಡದ ಕೆಲಸಗಳನ್ನೂ ಹೇಳಬೇಕು. ಪ್ರೆಸ್ಸು ಹಿಂತಿರುಗಿ ಬರಲಿಲ್ಲ. ನರ್ಸ್ ಹಣ ಪಡೆದರು, ಮಾತು ಬಿಟ್ಟದ್ದು ಬಿಟ್ಟೇ ಇದೆ. ಮೊದಲ ಆರು ತಿಂಗಳು ನಿದ್ದೆಯಿಲ್ಲದೆ ಯೂದನ ದಾರಿಯ ಯೋಚನೆ ಬರುತ್ತಿದ್ದಾಗ, ನನ್ನ ಹೆಂಡತಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದಳು. ಗುಳಿಗೆ ತೆಗೆದುಕೊಂಡದ್ದು ಅವಿಶ್ವಾಸ ಎಂದು ನನಗೆ ಒಂದು ದಿನವೂ ಅನಿಸಿಲ್ಲ. ತಮಗೂ ಅಂಥ ಯೋಚನೆಗಳಿದ್ದರೆ ಇದನ್ನು ಓದಿ ಮುಗಿಸುವ ಮೊದಲೇ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಕರೆ ಮಾಡಿ; ಕನ್ನಡದಲ್ಲೇ ಮಾತಾಡುತ್ತಾರೆ.

ಉಳಿದಂತೆ ನಾನು ಹೇಳುವುದು ಇಷ್ಟೇ: ಹಣ ಕೊಟ್ಟ ನಂಟರಲ್ಲಿ ಅತ್ಯಂತ ಕಡಿಮೆ ಸಿಟ್ಟಿರುವವರ ಮನೆಗಲ್ಲ, ಮೊದಲು ಮೋಸ ಹೋದವರ ಮನೆಗೆ ಹೋಗಿ, ಜೊತೆಗೆ ವಹಿ ತೆಗೆದುಕೊಂಡು ಹೋಗಿ, ಮತ್ತು ಈ ಭಾನುವಾರವೇ ಆರಾಧನೆಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತರೂ ನಡೆಯುತ್ತದೆ, ನಾನು ಒಂದು ವರ್ಷ ಅಲ್ಲೇ ಕೂತಿದ್ದೆ.

ನಮ್ಮ ಓಣಿಯಲ್ಲಿ ಈಗ ಹೊಸ ಭಿಶಿ ಶುರುವಾಗಿದೆ. ನನ್ನನ್ನೂ ಸೇರಿಸಿಕೊಂಡಿದ್ದಾರೆ, ನನ್ನ ಚೀಟಿ ಇನ್ನೂ ಎದ್ದಿಲ್ಲ. ವಹಿ ಬರೆಯುವವರು ಆ ನೇಕಾರ ಹೆಣ್ಣುಮಗಳ ಮಗಳು. ಪ್ರತಿ ತಿಂಗಳೂ ನನ್ನ 2,000ವನ್ನು ಎರಡು ಸಲ ಎಣಿಸುತ್ತಾಳೆ.