ಮನೆ ಅಲಂಕಾರಕ್ಕೆ ಸ್ಫೂರ್ತಿ ಬೇಕೆಂದರೆ ಮೊದಲು ಸವೆದ ಜಾಗಗಳನ್ನು ನೋಡಿ

ಮನೆ ಅಲಂಕಾರದ ಚಿತ್ರಗಳನ್ನು ಎಷ್ಟು ನೋಡಿದರೂ ನಿಮ್ಮ ಮನೆಗೆ ಏನು ಮಾಡಬೇಕೆಂಬುದು ಹೊಳೆಯುತ್ತಿಲ್ಲವೆಂದೂ, ಹಳೆಯ ವಸ್ತುಗಳ ಮೇಲೆ ನಿಮಗೆ ಪ್ರೀತಿಯಿದ್ದರೂ ಚಿಕ್ಕ ಮಕ್ಕಳು ಮತ್ತು ವಯಸ್ಸಾದವರು ಇರುವ ಮನೆಗೆ ಅವನ್ನು ತರಲು ಹಿಂಜರಿಕೆಯಾಗುತ್ತದೆಯೆಂದೂ, ಮನೆಯವರ ಕಣ್ಣಿಗೆ ಅವೆಲ್ಲ ಗುಜರಿಯಂತೆ ಕಾಣುತ್ತವೆಯೆಂದೂ ನೀವು ಬರೆದಿದ್ದೀರಿ. ನನ್ನ ಅನುಭವದಲ್ಲಿ ಈ ಮೂರೂ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದ ಜಾಗ ಒಂದೇ, ಅದು ಸವೆತ. ಮನೆಯ ನೆಲ, ಗೋಡೆ, ಕುರ್ಚಿಗಳಲ್ಲಿ ನಿಮ್ಮ ಕುಟುಂಬ ದಿನವೂ ಮೂಡಿಸುತ್ತಿರುವ ಗುರುತುಗಳನ್ನೂ, ಹಳೆಯ ವಸ್ತುವೊಂದರ ಮೇಲೆ ಹಿಂದಿನವರು ಬಿಟ್ಟುಹೋದ ಗುರುತುಗಳನ್ನೂ ಓದಲು ಕಲಿತರೆ, ಮುಂದೆ ಏನು ಮಾಡಬೇಕೆಂಬುದು ಬಹುಮಟ್ಟಿಗೆ ತಾನಾಗಿ ತಿಳಿಯುತ್ತದೆ.

ಚಿತ್ರಗಳು ಏಕೆ ಸಹಾಯ ಮಾಡುವುದಿಲ್ಲವೆಂದರೆ, ಅವುಗಳಲ್ಲಿ ಸವೆತ ಇರುವುದಿಲ್ಲ. ಛಾಯಾಚಿತ್ರ ತೆಗೆಯುವ ಮುನ್ನ ಚಪ್ಪಲಿ, ಚಾರ್ಜರಿನ ತಂತಿ, ಔಷಧಿಯ ಡಬ್ಬಿ, ಅರ್ಧ ಓದಿದ ಪತ್ರಿಕೆ ಎಲ್ಲವನ್ನೂ ತೆಗೆದಿಟ್ಟಿರುತ್ತಾರೆ. ಬೆಳಕನ್ನು ಹೊಂದಿಸಿ, ಮೇಜನ್ನು ಕ್ಯಾಮೆರಾದ ಕೋನಕ್ಕೆ ತಿರುಗಿಸಿರುತ್ತಾರೆ. ಆ ಕೋಣೆಯಲ್ಲಿ ಯಾರು ಎಲ್ಲಿ ಕುಳಿತುಕೊಳ್ಳುತ್ತಾರೆ, ಯಾರಿಗೆ ಮೊಣಕಾಲು ನೋವು, ಯಾವ ಮಗು ನೆಲದ ಮೇಲೆ ಮಲಗಿಯೇ ಓದುತ್ತದೆ ಎಂಬ ಯಾವ ಸಂಗತಿಯೂ ನಮಗೆ ಕಾಣುವುದಿಲ್ಲ. ನಿಮ್ಮ ಮನೆಯಲ್ಲಾದರೆ ಇದೆಲ್ಲವೂ ಕಣ್ಣೆದುರಿಗೇ ಇದೆ. ಹುಲ್ಲುಹಾಸಿನ ಸುತ್ತ ಕಲ್ಲಿನ ದಾರಿ ಎಷ್ಟು ಚೆನ್ನಾಗಿದ್ದರೂ ಜನ ನಡೆದು ನಡೆದು ಹುಲ್ಲಿನ ನಡುವೆ ತಮ್ಮದೇ ಕಾಲುದಾರಿ ಮೂಡಿಸುವಂತೆ, ಪ್ರತಿ ಮನೆಯಲ್ಲೂ ಕುಟುಂಬ ತನಗೆ ಬೇಕಾದ ವಿನ್ಯಾಸವನ್ನು ಆಗಲೇ ಬರೆದಿಟ್ಟಿರುತ್ತದೆ. ಒಂದು ವಾರ ಏನನ್ನೂ ಜರುಗಿಸದೆ, ಏನನ್ನೂ ಕೊಳ್ಳದೆ, ಅದನ್ನು ಗಮನಿಸುತ್ತಾ ಹೋಗಿ. ಚೀಲಗಳು ದಿನವೂ ಎಲ್ಲಿ ಬೀಳುತ್ತವೆ? ಗೋಡೆಯ ಬಣ್ಣ ಯಾವ ಎತ್ತರದಲ್ಲಿ ಮಾಸಿದೆ? ಯಾವ ಕುರ್ಚಿಗಾಗಿ ಎಲ್ಲರೂ ಪೈಪೋಟಿ ಮಾಡುತ್ತಾರೆ, ಯಾವುದು ಬಟ್ಟೆ ಹಾಕಲಷ್ಟೇ ಬಳಕೆಯಾಗುತ್ತಿದೆ?

ನಮ್ಮ ಮನೆಯಲ್ಲಿ ಬಾಗಿಲ ಪಕ್ಕದ ಗೋಡೆ ಮಕ್ಕಳ ಭುಜದ ಎತ್ತರದಲ್ಲಿ ಸದಾ ಕೊಳೆಯಾಗುತ್ತಿತ್ತು. ಒಳಗೆ ಬರುತ್ತಲೇ ಅವರು ಅಲ್ಲಿ ಒರಗಿ ಬೂಟು ಬಿಚ್ಚುತ್ತಿದ್ದರು, ಚೀಲವನ್ನು ಅಲ್ಲೇ ಹಾಕುತ್ತಿದ್ದರು. ಅಲ್ಲಿ ಒಂದು ಹಳೆಯ ಮರದ ಹಲಗೆಗೆ ಗೂಟಗಳನ್ನು ಹೊಡೆಸಿ ಅವರ ಕೈಗೆ ಎಟುಕುವ ಎತ್ತರದಲ್ಲಿ ಹಾಕಿದೆವು, ಕೆಳಗೆ ಕಾಲು ಸವೆದ ಒಂದು ಗಿಡ್ಡ ಬೆಂಚು ಇಟ್ಟೆವು. ಮನೆಗೆ ಬಂದವರೆಲ್ಲ ಮೊದಲು ಮೆಚ್ಚುವುದು ಆ ಮೂಲೆಯನ್ನೇ, ಆದರೆ ಅದನ್ನು ಯಾವ ಚಿತ್ರದಿಂದಲೂ ಎರವಲು ತಂದದ್ದಲ್ಲ. ಹಾಗೆಯೇ ನನ್ನ ತಂದೆಯವರು ಬೆಳಿಗ್ಗೆ ಓದಲು ತಮ್ಮ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಹೋಗುತ್ತಿದ್ದುದರಿಂದ ನೆಲದ ಮೇಲೆ ಗೆರೆಗಳು ಮೂಡಿದ್ದವು. ಆ ಗೆರೆಗಳು ಕೊನೆಗೊಂಡ ಜಾಗದಲ್ಲೇ ಈಗ ಅವರ ಕುರ್ಚಿ, ಪುಟ್ಟ ಮೇಜು ಮತ್ತು ದೀಪ ಇವೆ.

ಬೆಳಕಿನ ವಿಷಯದಲ್ಲಿ ಮಾತ್ರ ಸವೆತಕ್ಕಿಂತ ಹೆಚ್ಚಿನ ಗಮನ ಬೇಕು, ಏಕೆಂದರೆ ಉಳಿದೆಲ್ಲವನ್ನೂ ಅದೇ ಬದಲಿಸುತ್ತದೆ. ಒಂದೇ ಗೋಡೆ ಬೆಳಿಗ್ಗೆ ಒಂದು ಬಣ್ಣದಲ್ಲಿ, ಸಂಜೆ ದೀಪದಡಿ ಇನ್ನೊಂದು ಬಣ್ಣದಲ್ಲಿ ಕಾಣುತ್ತದೆ. ಆದ್ದರಿಂದ ಅಂಗಡಿಯ ಚಿಕ್ಕ ಚೀಟಿಯನ್ನು ನೋಡಿ ಬಣ್ಣ ನಿರ್ಧರಿಸಬಾರದು. ದೊಡ್ಡ ರಟ್ಟಿನ ಮೇಲೆ ಬಣ್ಣ ಬಳಿದು, ಅದನ್ನು ಒಂದೊಂದು ಗೋಡೆಗೂ ಒರಗಿಸಿ, ಬೇರೆ ಬೇರೆ ಹೊತ್ತಿನಲ್ಲಿ ನೋಡಬೇಕು. ಬಲ್ಬಿನ ಡಬ್ಬಿಯ ಮೇಲೆ ಬೆಳಕಿನ ಬಣ್ಣವನ್ನು ಸೂಚಿಸುವ ಕೆಲ್ವಿನ್ ಅಂಕಿ ಇರುತ್ತದೆ. 2700ರಿಂದ 3000 ಕೆಲ್ವಿನ್ ಇದ್ದರೆ ಬೆಳಕು ಹಳದಿ ಛಾಯೆಯದು, ಮರಕ್ಕೂ ಹಿತ್ತಾಳೆಗೂ ಅದು ಒಪ್ಪುತ್ತದೆ. 5000 ದಾಟಿದರೆ ನೀಲಿಗೆ ತಿರುಗಿದ ಬಿಳಿ ಬೆಳಕು ಬರುತ್ತದೆ, ಅದರಡಿ ಹಳೆಯ ಮರ ಕಳೆಗುಂದಿದಂತೆ ಕಾಣುತ್ತದೆ. ಚಾವಣಿಯ ನಡುವೆ ಒಂದೇ ಪ್ರಖರ ದೀಪ ಇಡುವ ಬದಲು, ಜನ ಕುಳಿತುಕೊಳ್ಳುವ ಕಡೆಗಳಲ್ಲಿ ತಗ್ಗಿನಲ್ಲಿ ಎರಡು ಮೂರು ದೀಪಗಳನ್ನು ಇಟ್ಟು ನೋಡಿ. ಪೀಠೋಪಕರಣಕ್ಕೆ ಹಣ ಹಾಕುವ ಮುನ್ನ ನಾನು ಎಲ್ಲರಿಗೂ ಹೇಳುವ ಮೊದಲ ಸಲಹೆ ಇದು.

ಇನ್ನು ಹಳೆಯ ವಸ್ತುಗಳಿಗೆ ಬರುತ್ತೇನೆ, ನನ್ನ ಮನಸ್ಸು ಹೆಚ್ಚು ನಿಲ್ಲುವುದೂ ಇಲ್ಲಿಯೇ. ಬಳಸಿದ ಕುರ್ಚಿಯೊಂದರಲ್ಲಿ ಸವೆತ ಎಲ್ಲಿರಬೇಕೋ ಅಲ್ಲಿರುತ್ತದೆ: ಕೈಯಿಡುವ ತೋಳಿನ ತುದಿಯಲ್ಲಿ, ಕಾಲು ಊರುವ ಮುಂದಿನ ಅಡ್ಡಪಟ್ಟಿಯಲ್ಲಿ, ಹಿಡಿದೆಳೆಯುವ ಬೆನ್ನಿನ ಮೇಲಂಚಿನಲ್ಲಿ. ಯಾವ ಕೈಯೂ ಕಾಲೂ ತಾಗದ ಜಾಗದಲ್ಲಿ ಬಣ್ಣ ಕಿತ್ತುಬಂದಿದ್ದು, ದಿನವೂ ಕೈ ತಾಗುವ ಜಾಗ ಚೂಪಾಗಿಯೇ ಉಳಿದಿದ್ದರೆ, ಹಳೆಯದಾಗಿ ಕಾಣಲೆಂದು ಯಾರೋ ಉಜ್ಜಿದ್ದಾರೆ ಎಂದು ಅನುಮಾನಿಸಬಹುದು. ಡ್ರಾಯರನ್ನು ಪೂರ್ತಿ ಹೊರಗೆಳೆದು ತಿರುಗಿಸಿ ನೋಡಿ. ದೀರ್ಘಕಾಲ ಬಳಕೆಯಲ್ಲಿದ್ದ ಮರದ ಡ್ರಾಯರಿನ ತಳದ ಅಂಚುಗಳು ಜಾರಿ ಜಾರಿ ತೆಳುವಾಗಿರುತ್ತವೆ. ಮೂಲೆಯ ಡವ್‌ಟೇಲ್ ಕೀಲುಗಳು, ಅಂದರೆ ಪಾರಿವಾಳದ ಬಾಲದಂತೆ ತುದಿಯಲ್ಲಿ ಅಗಲವಾಗಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲುಗಳು, ಒಂದೊಂದೂ ತುಸು ಬೇರೆ ಬೇರೆ ಅಳತೆಯಲ್ಲಿದ್ದರೆ ಬಡಗಿ ಕೈಯಿಂದ ಕಡಿದದ್ದು, ಎಲ್ಲವೂ ಅಚ್ಚು ಹಾಕಿದಂತೆ ಸಮವಾಗಿದ್ದರೆ ಬಹುತೇಕ ಯಂತ್ರದ ಕೆಲಸ. ತಲೆಯ ಮೇಲೆ ಕೂಡು ಗುರುತಿನಂತೆ (+) ಅಡ್ಡ-ಉದ್ದ ಸೀಳಿರುವ ಫಿಲಿಪ್ಸ್ ಸ್ಕ್ರೂ ಮಾರುಕಟ್ಟೆಗೆ ಬಂದದ್ದು 1930ರ ದಶಕದಲ್ಲಿ. ಅದಕ್ಕೂ ಹಿಂದಿನದೆಂದು ಹೇಳಲಾಗುವ ಪೆಟ್ಟಿಗೆಯಲ್ಲಿ ಅಂಥ ಸ್ಕ್ರೂ ಕಂಡರೆ, ಅದು ನಂತರ ದುರಸ್ತಿಯಾಗಿರಬೇಕು ಅಥವಾ ಹೇಳಿಕೆಯೇ ಸರಿಯಿಲ್ಲ. ದುರಸ್ತಿಯಾದದ್ದನ್ನು ನಾನು ದೋಷವೆಂದು ಎಣಿಸುವುದಿಲ್ಲ, ಒಂದು ಕುಟುಂಬ ಅದನ್ನು ಬಿಸಾಡದೆ ಉಳಿಸಿಕೊಂಡಿತು ಎನ್ನುವುದಕ್ಕೆ ಅದೇ ಸಾಕ್ಷಿ.

ಮಕ್ಕಳೊಂದಿಗೆ ಮಾಡಿ ನೋಡಬಹುದಾದ ಒಂದು ಪರೀಕ್ಷೆಯನ್ನು ಹೇಳುತ್ತೇನೆ. ಮರ ಒಣಗುವಾಗ ಎಳೆಯ ಉದ್ದಕ್ಕೆ ಕುಗ್ಗುವುದು ಅತಿ ಕಡಿಮೆ, ಎಳೆಗೆ ಅಡ್ಡಲಾಗಿ ಕುಗ್ಗುವುದು ಹೆಚ್ಚು. ಆದ್ದರಿಂದ ಇಡಿ ಮರದ ಹಲಗೆಗಳಿಂದ ಮಾಡಿದ ಹಳೆಯ ದುಂಡು ಮೇಜು ನಿಜವಾಗಿ ಪೂರ್ತಿ ದುಂಡಗೆ ಉಳಿದಿರುವುದಿಲ್ಲ. ಟೇಪು ಹಿಡಿದು ಎಳೆಯ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆದರೆ ಕೆಲವು ಮಿಲಿಮೀಟರುಗಳ ವ್ಯತ್ಯಾಸ ಸಿಗುತ್ತದೆ. ನನ್ನ ಮಗಳು ಈ ಲೆಕ್ಕವನ್ನು ಕಂಡುಕೊಂಡ ದಿನದಿಂದ ಆ ಮೇಜು ಅವಳ ಪಾಲಿಗೆ ವಿಶೇಷ ವಸ್ತುವಾಯಿತು, ಬಂದ ನೆಂಟರಿಗೆಲ್ಲ ಅವಳೇ ಅಳೆದು ತೋರಿಸುತ್ತಾಳೆ. ಮಕ್ಕಳಿಗೆ "ಇದು ಬೆಲೆಬಾಳುವ ವಸ್ತು, ಮುಟ್ಟಬೇಡ" ಎಂದು ಹೇಳುವುದಕ್ಕಿಂತ ವಸ್ತುವಿನ ಗುಟ್ಟೊಂದನ್ನು ಹೇಳಿಕೊಡುವುದು ಅದನ್ನು ಚೆನ್ನಾಗಿ ಕಾಪಾಡುತ್ತದೆ.

ಬಳಕೆಯಿಂದಲೇ ಚೆಲುವು ಹುಟ್ಟುತ್ತದೆ ಎನ್ನುವುದಕ್ಕೆ ನನಗೆ ತಿಳಿದ ಅತ್ಯುತ್ತಮ ಉದಾಹರಣೆ ಪೀಠೋಪಕರಣ ತಯಾರಕ ಮೈಕಲ್ ಥೋನೆಟ್ 1859ರಲ್ಲಿ ಹೊರತಂದ 14ನೆಯ ಸಂಖ್ಯೆಯ ಕುರ್ಚಿ. ಬೀಚ್ ಮರದ ಕೋಲುಗಳನ್ನು ಹಬೆಯಲ್ಲಿ ಮೆತ್ತಗಾಗಿಸಿ, ಕಬ್ಬಿಣದ ಅಚ್ಚುಗಳಲ್ಲಿ ಬಾಗಿಸಿ ಒಣಗಿಸುತ್ತಿದ್ದರು. ಇಡೀ ಕುರ್ಚಿಗೆ ಬೇಕಾದದ್ದು ಆರು ಮರದ ಭಾಗಗಳು, ಹತ್ತು ಸ್ಕ್ರೂಗಳು, ಎರಡು ನಟ್ಟುಗಳು. ಬಿಡಿಸಿಟ್ಟರೆ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು. ಸಾಗಿಸಲು, ಜೋಡಿಸಲು, ಮುರಿದ ಭಾಗವನ್ನು ಬದಲಿಸಲು ಅನುಕೂಲವಾಗಲೆಂದು ಮಾಡಿದ ಈ ಸರಳತೆಯೇ ಇಂದಿಗೂ ಕಣ್ಣಿಗೆ ಹಿತವಾಗಿದೆ. ಹಳೆಯದನ್ನು ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆಯೂ ಇದರಿಂದಲೇ ಬಂದದ್ದು: ಇದು ಕೆಟ್ಟರೆ ಬಿಚ್ಚಿ ಸರಿಪಡಿಸಬಹುದೇ? ಬೆತ್ತ ಹರಿದ ಕುರ್ಚಿಗೆ ಹೊಸ ಬೆತ್ತ ಹೆಣೆಸಬಹುದು. ಮರದ ಹೊಟ್ಟನ್ನು ಅಂಟಿಸಿ ಮಾಡಿದ ಹಲಗೆ ಪುಡಿಯಾದರೆ ಅದಕ್ಕೆ ಏನೂ ಮಾಡಲಾಗದು.

ಮನೆಗೆ ತಂದ ಮೇಲೆ ಅವಸರದಿಂದ ಉಜ್ಜಿ ಹೊಸದು ಮಾಡಬೇಡಿ. ಹಳೆಯ ಪೀಠೋಪಕರಣಗಳಲ್ಲಿ ಬಹಳಷ್ಟಕ್ಕೆ ಅರಗಿನ ಪಾಲಿಶ್ ಇರುತ್ತದೆ. ಕಣ್ಣಿಗೆ ಬೀಳದ ಜಾಗದಲ್ಲಿ ಹತ್ತಿಯಿಂದ ಒಂದು ತೊಟ್ಟು ಸ್ಪಿರಿಟ್ ತಾಗಿಸಿ ನೋಡಿ. ಮೇಲ್ಮೈ ಮೆತ್ತಗಾಗಿ ಅಂಟಿದರೆ ಅದು ಅರಗು, ಅದನ್ನು ಕಿತ್ತುಹಾಕದೆ ಅದರ ಮೇಲೆಯೇ ಹೊಸ ಅರಗಿನ ತೆಳು ಲೇಪ ಕೊಡಬಹುದು, ಏಕೆಂದರೆ ಹೊಸ ಲೇಪ ಹಳೆಯದನ್ನು ಕರಗಿಸಿಕೊಂಡು ಅದರೊಂದಿಗೆ ಬೆರೆಯುತ್ತದೆ. ಹಿತ್ತಾಳೆಯ ಮೇಲಿನ ಕಂದು ಛಾಯೆಯನ್ನು ನಾನು ಹಾಗೆಯೇ ಬಿಡುತ್ತೇನೆ, ಪುಡಿಪುಡಿಯಾಗಿ ಉದುರುವ ಹಸಿರು ಕಿಲುಬನ್ನು ಮಾತ್ರ ತೆಗೆಯುತ್ತೇನೆ. ಮರದಲ್ಲಿ ಸಣ್ಣ ರಂಧ್ರಗಳಿದ್ದರೆ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬೇರೆ ವಸ್ತುಗಳಿಂದ ದೂರವಿಡಿ. ಹೊಸದಾಗಿ ತಿಳಿಬಣ್ಣದ ಪುಡಿ ಉದುರಿದರೆ ಹುಳು ಇನ್ನೂ ಜೀವಂತವಾಗಿದೆ ಎಂದರ್ಥ.

ಮಕ್ಕಳಿರುವ ಮನೆಯೆಂದು ನೀವು ಬರೆದಿರುವುದರಿಂದ ಅಪಾಯಗಳ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವವಿದೆ. ಅಮೆರಿಕದಲ್ಲಿಯೇ ಮನೆಬಳಕೆಯ ಸೀಸದ ಬಣ್ಣವನ್ನು ನಿಷೇಧಿಸಿದ್ದು 1978ರಲ್ಲಿ. ಚಕ್ಕೆ ಏಳುತ್ತಿರುವ ಹಳೆಯ ಬಣ್ಣವನ್ನು ಒಣ ಉಪ್ಪುಕಾಗದದಿಂದ ಉಜ್ಜಲೇಬೇಡಿ, ಆ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಕತ್ತಲಲ್ಲಿ ಹೊಳೆಯುತ್ತಿದ್ದ ಹಳೆಯ ಗಡಿಯಾರಗಳ ಮುಖಕ್ಕೆ ರೇಡಿಯಂ ಬಣ್ಣ ಬಳಿದಿರಬಹುದು. ಈಗ ಹೊಳೆಯುತ್ತಿಲ್ಲವೆಂದ ಮಾತ್ರಕ್ಕೆ ಅದು ನಿರಪಾಯವಲ್ಲ, ಏಕೆಂದರೆ ಕೆಟ್ಟಿರುವುದು ಹೊಳೆಯುವ ರಾಸಾಯನಿಕ ಮಾತ್ರ. ರೇಡಿಯಂ ಅರ್ಧದಷ್ಟಾಗಲು ಸುಮಾರು 1600 ವರ್ಷ ಬೇಕು, ಆದ್ದರಿಂದ ಅಂಥ ಗಡಿಯಾರದ ಗಾಜನ್ನು ಬಿಚ್ಚಬಾರದು. ಹಳೆಯ ತೊಟ್ಟಿಲು, ಕಟಕಟೆಯ ಮಂಚಗಳು ಗೊಂಬೆಗಳಿಗಿರಲಿ, ಹಸುಗೂಸಿಗೆ ಬೇಡ. ಸರಳುಗಳ ನಡುವಿನ ಅಂತರ 6 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಮಗು ಅದರಲ್ಲಿ ಸಿಕ್ಕಿಕೊಳ್ಳಬಹುದು. ಎತ್ತರದ ಬೀರುಗಳನ್ನು ಗೋಡೆಗೆ ಬಿಗಿಯಬೇಕು, ಹಳೆಯ ದೀಪಗಳ ತಂತಿಯನ್ನು ಬಳಸುವ ಮುನ್ನವೇ ಬದಲಿಸಬೇಕು. ಹಿರಿಯರಿಗೆ ಕುರ್ಚಿ ಆರಿಸುವಾಗ ಆಸನದ ಎತ್ತರ 45 ಸೆಂಟಿಮೀಟರಿನ ಆಸುಪಾಸಿನಲ್ಲಿದ್ದು, ಊರಿ ಏಳಲು ಗಟ್ಟಿ ತೋಳುಗಳಿರಲಿ. ತಗ್ಗಾದ, ಹೂತುಹೋಗುವ ಸೋಫಾ ಎಷ್ಟೇ ಅಂದವಾಗಿದ್ದರೂ ಅವರಿಗೆ ಶಿಕ್ಷೆ.

ಗೋಡೆಯ ಮೇಲೆ ಏನು ಹಾಕುವುದೆಂದು ಯೋಚಿಸುತ್ತಿದ್ದರೆ ಮನೆಯ ಮಕ್ಕಳು ಬಿಡಿಸಿದ ಚಿತ್ರಗಳಿಗೆ ಒಳ್ಳೆಯ ಚೌಕಟ್ಟು ಹಾಕಿಸಿ. ಒಂದೇ ಅಳತೆಯ ನಾಲ್ಕು ಹಳೆಯ ಚೌಕಟ್ಟುಗಳಿದ್ದರೆ ಒಳಗಿನ ಚಿತ್ರಗಳನ್ನು ಆಗಾಗ ಬದಲಿಸಬಹುದು. ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನಿಂತವರ ಕಣ್ಣಿಗೆ ಹಿತ, ಆದರೆ ಮಕ್ಕಳು ಓಡಾಡುವ ಜಾಗದಲ್ಲಿ ಇನ್ನೂ ತಗ್ಗಿಸಬೇಕು, ಅವರೇ ಅಲ್ಲಿ ನೋಡುವವರು. ಹಳೆಯ ಕುಟುಂಬದ ಛಾಯಾಚಿತ್ರಗಳ ಮೂಲ ಪ್ರತಿಯನ್ನು ಬಿಸಿಲಿಗೆ ಒಡ್ಡಬೇಡಿ. ವಸ್ತುಸಂಗ್ರಹಾಲಯಗಳು ಬೆಳಕಿಗೆ ಬೇಗ ಮಾಸುವ ಕಾಗದ, ಬಟ್ಟೆಗಳನ್ನು ಸುಮಾರು 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಪ್ರಮಾಣದ ಅಳತೆ) ಮಂದ ಬೆಳಕಿನಲ್ಲೇ ಇಡುತ್ತವೆ, ಬಿಸಿಲು ಬೀಳುವ ಕಿಟಕಿಯ ಬಳಿ ಅದರ ಎಷ್ಟೋ ಪಟ್ಟು ಬೆಳಕಿರುತ್ತದೆ. ಪ್ರತಿ ಮಾಡಿಸಿ ಅದನ್ನು ಗೋಡೆಗೆ ಹಾಕಿ, ಮೂಲವನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿಡಿ. ಚಿತ್ರದಲ್ಲಿರುವವರು ಯಾರೆಂಬುದನ್ನು ಮನೆಯ ಹಿರಿಯರಿಂದ ಕೇಳಿ ಇಂದೇ ಬರೆದಿಟ್ಟುಕೊಳ್ಳಿ, ಈ ಕೆಲಸವನ್ನು ದಯವಿಟ್ಟು ಮುಂದೂಡಬೇಡಿ.

ಕೊನೆಯದಾಗಿ, ಮನೆಯವರಿಗೆ ಇವೆಲ್ಲ ಗುಜರಿ ಎನಿಸುವ ವಿಚಾರ. ಅವರ ಮಾತಿನಲ್ಲಿ ಹುರುಳಿದೆ ಎಂದೇ ನಾನು ಭಾವಿಸುತ್ತೇನೆ. ಕೆಲಸಕ್ಕೆ ಬಾರದ ಹಳೆಯ ವಸ್ತು ಇತರರ ಕಾಲಿಗೆ ತೊಡಕಾಗುವ ವಸ್ತುವೇ ಸರಿ. ಆದ್ದರಿಂದ ನಮ್ಮಲ್ಲಿ ಮಾಡಿಕೊಂಡ ಒಪ್ಪಂದವನ್ನು ನೀವೂ ಪ್ರಯತ್ನಿಸಿ. ಎಲ್ಲರೂ ಕೂರುವ ಕೋಣೆಗೆ ಬರುವ ಹಳೆಯ ವಸ್ತುವಿಗೆ ಮೊದಲೇ ಒಂದು ಕೆಲಸ ಗೊತ್ತಾಗಿರಬೇಕು, ಮತ್ತು ಮನೆಯ ಯಾರೊಬ್ಬರು ಬೇಡವೆಂದರೂ ಅದು ಅಲ್ಲಿಗೆ ಬರಬಾರದು. ಬರೀ ಚೆಂದಕ್ಕಾಗಿ ತಂದವುಗಳಿಗೆ ನಿಮ್ಮದೇ ಒಂದು ಕಪಾಟು ಇರಲಿ, ಅದರಲ್ಲಿ ಏನಿಟ್ಟರೂ ಯಾರೂ ಕೇಳಬಾರದು. ಒಪ್ಪಿಗೆ ಸಿಕ್ಕ ವಸ್ತುವನ್ನೂ ಮೊದಲು ಒಂದು ತಿಂಗಳು ಇಟ್ಟು ನೋಡಿ. ಆ ತಿಂಗಳಲ್ಲಿ ನೀವಲ್ಲದೆ ಇನ್ನೊಬ್ಬರು ಅದನ್ನು ತಾವಾಗಿ ಬಳಸಲು ಆರಂಭಿಸಿದರೆ ಅದು ಉಳಿಯಲಿ. ಇಲ್ಲವಾದರೆ, ಅದಕ್ಕಾಗಿ ಕಾಯುತ್ತಿರುವ ಬೇರೆ ಮನೆಗೆ ಕೊಟ್ಟುಬಿಡಿ.