ಬಾಗಿಲಿನದು ಬೇರೆ, ಕಿಟಕಿಯದು ಬೇರೆ

ಮುಂಬಾಗಿಲ ಗಾಜಿನ ಮೇಲೆ ಜರಿಗಿಡದ ಎಲೆಯಂಥ ಹಿಮ ಕೂತಿದೆ, ಹೀಟರ್ ಎಷ್ಟು ಏರಿಸಿದರೂ ಕರಗುತ್ತಿಲ್ಲ, ಈಗ ಮಲಗುವ ಕೋಣೆಯ ಕಿಟಕಿಯಲ್ಲೂ ಶುರುವಾಗಿದೆ, ಚಳಿ ದೇಶದಲ್ಲಿ ಎಲ್ಲರ ಮನೆಯೂ ಹೀಗೇನಾ ಎಂದು ಕೇಳಿದ್ದೀರಿ. ಮೊದಲು ಹೀಟರ್ ಇಳಿಸಿ. ಬಾಗಿಲಿನದು ಹಿಮವೇ ಅಲ್ಲ!

ಅದು ಗಾಜಿನಲ್ಲೇ ಮಾಡಿದ ಚಿತ್ತಾರ. ಬೆರಳಾಡಿಸಿ ನೋಡಿ, ಒಂದು ಮಗ್ಗುಲಲ್ಲಿ ಸಣ್ಣ ಸಣ್ಣ ತಗ್ಗು ಸಿಗುತ್ತವೆ. ಎರಡು ಪದರದ ಗಾಜಾದರೆ ಆ ಮಗ್ಗುಲು ಒಳಗೆ ಸೇರಿಹೋಗಿರಲೂಬಹುದು. ಮಾಡುವ ರೀತಿ ಮಜವಾಗಿದೆ. ಮರಳು ಊದಿ ಗಾಜಿನ ಮೈಯನ್ನು ತರಿತರಿ ಮಾಡುತ್ತಾರೆ. ಪ್ರಾಣಿಗಳ ಚರ್ಮದಿಂದ ತೆಗೆದ ಅಂಟನ್ನು ಬಿಸಿಬಿಸಿಯಾಗಿ ಅದರ ಮೇಲೆ ಹುಯ್ಯುತ್ತಾರೆ. ಅಂಟು ಒಣಗುತ್ತಾ ಕುಗ್ಗುತ್ತದೆ. ಆದರೆ ಗಾಜಿನ ಹಿಡಿತ ಬಿಡುವುದಿಲ್ಲ, ಚಕ್ಕೆಗಳನ್ನೇ ಕಿತ್ತುಕೊಂಡು ಏಳುತ್ತದೆ. ಕಿತ್ತುಬಂದ ಜಾಗವೇ ನೀವು ನೋಡುತ್ತಿರುವ ಎಲೆ. ಯಾರೂ ಕೈಯಲ್ಲಿ ಬರೆದದ್ದಲ್ಲ, ಹಾಗಾಗಿ ಒಂದರಂತೆ ಇನ್ನೊಂದಿಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ಇದು ದೊಡ್ಡ ಫ್ಯಾಷನ್ ಆಗಿತ್ತು. ಬೆಳಕು ಬರಬೇಕು, ಒಳಗಿದ್ದವರು ಕಾಣಬಾರದು, ಅಲ್ವಾ? ಈಗ ಇದೇ ಚಿತ್ತಾರದ ಅಂಟಿಸುವ ಪ್ಲಾಸ್ಟಿಕ್ ಹಾಳೆಯೂ ಸಿಗುತ್ತದೆ. ಅದರಲ್ಲಿ ಅದೇ ಎಲೆ ಮತ್ತೆ ಮತ್ತೆ ಬರುತ್ತದೆ. ನನಗಂತೂ ಹಿಡಿಸುವುದಿಲ್ಲ.

ಕಿಟಕಿಯದು ಅಸಲಿ. ರಾತ್ರಿಯಿಡೀ ನೀವು ಬಿಟ್ಟ ಉಸಿರಿನ ತೇವ ಅದು. ಗಾಜು ಸೊನ್ನೆ ಡಿಗ್ರಿಗಿಂತ ಸಾಕಷ್ಟು ಕೆಳಗಿಳಿದರೆ ಆ ಆವಿ ನೀರಾಗದೆ ನೇರವಾಗಿ ಮಂಜುಗಡ್ಡೆಯಾಗುತ್ತದೆ. ಗಾಜಿನ ಗೀರು, ಧೂಳಿನ ಕಣ, ಒರೆಸಿದ ಬಟ್ಟೆ ಬಿಟ್ಟ ಗೆರೆ, ಇಂಥ ಕಡೆಯಿಂದ ಚಿಗುರುತ್ತದೆ. ಮುಂದೆ ಚಾಚಿದ ತುದಿಗೆ ಆವಿ ಜಾಸ್ತಿ ಸಿಗುವುದರಿಂದ ಅದೇ ಬೇಗ ಬೆಳೆದು ಕವಲೊಡೆಯುತ್ತದೆ. ಬಿಸಿಲು ಬೀಳುವ ಮೊದಲೇ ಎದ್ದು ಹತ್ತಿರದಿಂದ ನೋಡಿ. ಎಲ್ಲರ ಮನೆಯಲ್ಲೂ ಈ ಭಾಗ್ಯ ಇಲ್ಲ. ಎರಡು ಪದರದ ಕಿಟಕಿಯಲ್ಲಿ ಒಳಗಿನ ಗಾಜು ಬೆಚ್ಚಗಿರುತ್ತದೆ, ಅಲ್ಲಿ ಇದು ಅಪರೂಪ. ನಿಮ್ಮದು ಬಹುಶಃ ಒಂಟಿ ಗಾಜು.

ನೋಡಿದ ಮೇಲೆ ಮಾತ್ರ ಸುಮ್ನೆ ಬಿಡಬೇಡಿ. ಕರಗಿದ ನೀರು ಚೌಕಟ್ಟಿಗೆ ಇಳಿದರೆ ಬೂಷ್ಟು ಹಿಡಿಯುತ್ತದೆ, ಆಗಾಗ ಒರೆಸಿ. ಚಾಕುವಿನಲ್ಲಿ ಕೆರೆಯಬೇಡಿ. ಬಿಸಿನೀರು ಎರಚಿದರೆ ಗಾಜೇ ಸೀಳಬಹುದು. ಒದ್ದೆ ಬಟ್ಟೆಯನ್ನು ಆ ಕೋಣೆಯಲ್ಲಿ ಹರವಬೇಡಿ. ದಿನಕ್ಕೆ ಒಂದೆರಡು ಸಲ, ಐದೇ ನಿಮಿಷ, ಕಿಟಕಿ ಪೂರ್ತಿ ತೆರೆದಿಡಿ. ಈ ಚಳಿಯಲ್ಲಿ ಇದೆಂಥ ಹುಚ್ಚು ಅನ್ನಿಸಬಹುದು, ಆದರೆ ಹೊರಗಿನ ಚಳಿಗಾಳಿಯಲ್ಲಿ ತೇವ ತೀರಾ ಕಡಿಮೆ.