ನಿದ್ದೆ ಮಾತ್ರೆ ನುಂಗಿದರೂ ನಿದ್ದೆ ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನನಗೆ 52 ವರ್ಷ, ಊರು ದಾವಣಗೆರೆ. ಎರಡು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಬೈಪಾಸ್ ಆಯಿತು. ಆಗ ಕೆಟ್ಟ ನಿದ್ದೆ ಇನ್ನೂ ಸರಿಹೋಗಿಲ್ಲ. ಅಲ್ಪ್ರಜೋಲಾಮ್ 0.25 ಮಿ.ಗ್ರಾಂ.ನಲ್ಲಿ ಶುರುವಾಗಿದ್ದು ಈಗ 0.5ಕ್ಕೆ ಬಂದಿದೆ. ನಡುವೆ ಒಂದು ತಿಂಗಳು ಅದರ ಬದಲು ಜೋಲ್ಪಿಡೆಮ್ 10 ಕೊಟ್ಟಿದ್ದರು, ಅದೂ ಅಷ್ಟೇ. ರಾತ್ರಿ 9.30ಕ್ಕೆ ಮಾತ್ರೆ ತಗೊಂಡು ಮಲಗಿದರೆ 12ರವರೆಗೆ ಹೊರಳಾಟ. 3ಕ್ಕೆ ಎಚ್ಚರವಾದರೆ 4ರವರೆಗೆ ಕಣ್ಣು ಮುಚ್ಚುವುದಿಲ್ಲ. 6.30ಕ್ಕೆ ಏಳುವಾಗ ತಲೆ ಭಾರ. ಇದಕ್ಕಿಂತ ಸ್ಟ್ರಾಂಗ್ ಮಾತ್ರೆ ಇದೆಯೇ?

ಉತ್ತರ: ಇನ್ನೂ ಸ್ಟ್ರಾಂಗ್ ಮಾತ್ರೆಗಳು ಇವೆ, ಆದರೆ ನಿಮಗೆ ಅವು ಬೇಡ. ಹಾಗಂತ ಈಗ ತೆಗೆದುಕೊಳ್ಳುತ್ತಿರುವುದನ್ನು ಇವತ್ತೇ ನಿಲ್ಲಿಸಲೂಬೇಡಿ. ತಿಂಗಳುಗಟ್ಟಲೆ ದಿನಾ ತೆಗೆದುಕೊಂಡ ಅಲ್ಪ್ರಜೋಲಾಮನ್ನು ಒಮ್ಮೆಲೇ ಬಿಟ್ಟರೆ ಕೈನಡುಕ, ಬೆವರು, ಎದೆಬಡಿತ ಶುರುವಾಗುತ್ತದೆ. ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ.

ಅಲ್ಪ್ರಜೋಲಾಮ್, ಕ್ಲೊನಾಜೆಪಾಮ್, ಲೊರಾಜೆಪಾಮ್ ಒಂದೇ ಗುಂಪಿನವು. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕದ ಶಮನಕಾರಿ ಕೆಲಸವನ್ನು ಇವು ಜೋರು ಮಾಡುತ್ತವೆ. ಕೆಲವೇ ವಾರಗಳಲ್ಲಿ ಮಿದುಳು ಇದಕ್ಕೆ ಒಗ್ಗಿಹೋಗುತ್ತದೆ, ಅದೇ ಪರಿಣಾಮಕ್ಕೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ನಿಮ್ಮ 0.25 ಈಗ 0.5 ಆಗಿರುವುದು ಹೀಗೆಯೇ. ಈ ಮಾತ್ರೆಗಳನ್ನು ನಿದ್ದೆಗೆಂದು ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬಾರದು ಎಂಬ ಎಚ್ಚರಿಕೆ ಹಳೆಯದು, ಪಾಲನೆ ಮಾತ್ರ ಕಡಿಮೆ. ಜೋಲ್ಪಿಡೆಮ್ ಬೇರೆ ರಚನೆಯದಾದರೂ ಕೆಲಸ ಮಾಡುವ ಜಾಗ ಅದೇ. ಅದರ ಅರ್ಧಾಯು, ಅಂದರೆ ರಕ್ತದಲ್ಲಿ ಅರ್ಧಕ್ಕಿಳಿಯಲು ಬೇಕಾದ ಹೊತ್ತು, ಎರಡು-ಮೂರು ಗಂಟೆ ಮಾತ್ರ, ಹಾಗಾಗಿ ರಾತ್ರಿ 3ಕ್ಕೆ ಆಗುವ ಎಚ್ಚರಕ್ಕೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಹೆಂಗಸರ ದೇಹದಿಂದ ಅದು ನಿಧಾನವಾಗಿ ಹೊರಹೋಗುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೇ ಹೆಂಗಸರಿಗೆ ಶುರುವಿನ ಪ್ರಮಾಣವನ್ನು 10ರಿಂದ 5 ಮಿ.ಗ್ರಾಂ.ಗೆ ಇಳಿಸಿತು. ಅಲ್ಪ್ರಜೋಲಾಮ್ ಅರ್ಧಕ್ಕಿಳಿಯಲು ಸುಮಾರು 11 ಗಂಟೆ ಬೇಕು. ಬೆಳಿಗ್ಗೆ ತಲೆ ಭಾರವಾಗುವುದರಲ್ಲಿ ಇದರ ಪಾಲೂ ಇದೆ.

ಈಗ ನಿಮ್ಮ ಪತ್ರದಲ್ಲೇ ಇರುವ ಲೆಕ್ಕ ನೋಡಿ. 9.30ರಿಂದ 6.30ರವರೆಗೆ ಹಾಸಿಗೆಯಲ್ಲಿ 9 ಗಂಟೆ. ನಿದ್ದೆ 12ರಿಂದ 3, ಮತ್ತೆ 4ರಿಂದ 6.30, ಒಟ್ಟು ಐದೂವರೆ ಗಂಟೆ. ಅಂದರೆ ಹಾಸಿಗೆಯ ಹೊತ್ತಿನಲ್ಲಿ ಶೇ. 61ರಷ್ಟು ಮಾತ್ರ ನಿದ್ದೆ. ಉಳಿದ ಮೂರೂವರೆ ಗಂಟೆ ಕತ್ತಲಲ್ಲಿ ಗಡಿಯಾರ, ಚಿಂತೆ, ಹೊರಳಾಟ. ನಿದ್ದೆ ಕೆಡಲು ಕಾರಣ ಯಜಮಾನರ ಆಪರೇಷನ್ ಇರಬಹುದು. ಎರಡು ವರ್ಷ ಅದು ಕೆಟ್ಟೇ ಉಳಿದಿರುವುದಕ್ಕೆ ಕಾರಣ ಈ ಮೂರೂವರೆ ಗಂಟೆ. ಹಾಸಿಗೆ ಕಂಡರೆ ಎಚ್ಚರವಾಗಬೇಕು ಎಂದು ಮಿದುಳು ಪಾಠ ಕಲಿತುಬಿಟ್ಟಿದೆ. ಮಾತ್ರೆಗೆ ಆ ಪಾಠ ಮರೆಸುವ ಶಕ್ತಿ ಇಲ್ಲ.

ಮರೆಸುವ ವಿಧಾನ ಬೇರೆ ಇದೆ. ಹಾಸಿಗೆಗೂ ನಿದ್ದೆಗೂ ಮತ್ತೆ ನಂಟು ಬೆಸೆಯುವ ನಿಯಮಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಕೊಟ್ಟರು. ಹಾಸಿಗೆಯ ಹೊತ್ತನ್ನು ಕಡಿತಗೊಳಿಸುವ ವಿಧಾನವನ್ನು ಅಲ್ಲಿನವರೇ ಆದ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ಪ್ರಕಟಿಸಿದರು. ಇವೆರಡೂ ಸೇರಿದ ಚಿಕಿತ್ಸೆಯೇ ಸಿಬಿಟಿ-ಐ, ಅಂದರೆ ಯೋಚನೆ, ಅಭ್ಯಾಸಗಳನ್ನು ತಿದ್ದಿ ನಿದ್ದೆ ಸರಿಪಡಿಸುವ ಚಿಕಿತ್ಸೆ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕೆಂದು ಅಲ್ಲಿನ ವೈದ್ಯರ ಸಂಘಟನೆ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಹೇಳಿತು. ಕಲಿಸುವ ಮನಶ್ಶಾಸ್ತ್ರಜ್ಞರು ಎಲ್ಲ ಊರಲ್ಲೂ ಸಿಗುವುದಿಲ್ಲ, ಆದರೆ ಅದರ ಮುಖ್ಯ ಭಾಗವನ್ನು ಮನೆಯಲ್ಲೇ ಮಾಡಬಹುದು.

ಮೊದಲ ಎರಡು ವಾರ ಏನೂ ಬದಲಿಸಬೇಡಿ, ಬರೆದಿಡಿ ಅಷ್ಟೇ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು: ಮಲಗಿದ ಹೊತ್ತು, ನಿದ್ದೆ ಹತ್ತಲು ಹಿಡಿದ ಹೊತ್ತು, ನಡುವೆ ಎಚ್ಚರವಿದ್ದ ಹೊತ್ತು, ಎದ್ದ ಹೊತ್ತು, ಮಾತ್ರೆ, ಕಾಫಿ, ಹಗಲು ನಿದ್ದೆ. ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ಬರೆಯಿರಿ. ರಾತ್ರಿ ಗಡಿಯಾರ ನೋಡಿ ಬರೆಯಹೊರಟರೆ ನಿದ್ದೆ ಇನ್ನಷ್ಟು ದೂರ ಹೋಗುತ್ತದೆ. ಗಡಿಯಾರವನ್ನು ಗೋಡೆ ಕಡೆ ತಿರುಗಿಸಿಡಿ, ಮೊಬೈಲ್ ಹಾಲ್‌ನಲ್ಲಿರಲಿ.

ಸರಾಸರಿ ಐದೂವರೆ ಗಂಟೆಯೇ ಬಂದರೆ ಅದಕ್ಕೆ ಅರ್ಧ ಗಂಟೆ ಸೇರಿಸಿ. ನಿಮಗೆ ಹಾಸಿಗೆಯಲ್ಲಿ ಸಿಗುವುದು 6 ಗಂಟೆ. ಏಳುವ ಹೊತ್ತನ್ನು 6ಕ್ಕೆ ಗಟ್ಟಿ ಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಮಲಗುವ ಹೊತ್ತು ರಾತ್ರಿ 12. ನಿದ್ದೆಯಿಲ್ಲದವರಿಗೆ ಲೇಟಾಗಿ ಮಲಗು ಎನ್ನುವುದು ಕ್ರೂರ ಅನ್ನಿಸಬಹುದು. ಆದರೆ ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ, ನಿದ್ದೆಯ ಒತ್ತಡ ಏರುವುದು ಅದರಿಂದ. ಬೇಗ ಮಲಗಿ, ಲೇಟಾಗಿ ಎದ್ದು, ಮಧ್ಯಾಹ್ನ ಅಡ್ಡಾಗುವವರಲ್ಲಿ ಆ ಒತ್ತಡ ಪೂರ್ತಿ ಏರುವುದೇ ಇಲ್ಲ. ಹಾಸಿಗೆಯ ಹೊತ್ತನ್ನು ಐದು ಗಂಟೆಗಿಂತ ಕೆಳಗೆ ಮಾತ್ರ ಯಾವತ್ತೂ ಇಳಿಸಬೇಡಿ.

ಪ್ರತಿ ವಾರ ಲೆಕ್ಕ ಹಾಕಿ: ನಿದ್ದೆಯ ಹೊತ್ತನ್ನು ಹಾಸಿಗೆಯ ಹೊತ್ತಿನಿಂದ ಭಾಗಿಸಿ ನೂರರಿಂದ ಗುಣಿಸಿ. ಶೇ. 85 ದಾಟಿದರೆ, ಅಂದರೆ 6 ಗಂಟೆಯಲ್ಲಿ 5 ಗಂಟೆ 6 ನಿಮಿಷಕ್ಕಿಂತ ಹೆಚ್ಚು ನಿದ್ದೆ ಬಂದರೆ, ಮಲಗುವ ಹೊತ್ತನ್ನು 15 ನಿಮಿಷ ಹಿಂದಕ್ಕೆ ತನ್ನಿ, 11.45ಕ್ಕೆ. 80ರಿಂದ 85ರ ನಡುವೆ ಇದ್ದರೆ ಇನ್ನೊಂದು ವಾರ ಹಾಗೇ ಇರಲಿ. 80ಕ್ಕಿಂತ ಕಡಿಮೆಯಾದರೆ 15 ನಿಮಿಷ ಕಡಿತ. ಏಳುವ ಹೊತ್ತು ಮಾತ್ರ ಭಾನುವಾರ, ಹಬ್ಬ, ನೆಂಟರು ಬಂದ ದಿನ, ಎಲ್ಲಕ್ಕೂ 6 ಗಂಟೆಯೇ.

ಹನ್ನೆರಡಾದರೂ ಕಣ್ಣು ಎಳೆಯದಿದ್ದರೆ ಮಲಗಬೇಡಿ. ಸುಸ್ತಾಗಿದೆ ಎಂದರೆ ನಿದ್ದೆ ಬಂದಿದೆ ಎಂದಲ್ಲ. ರೆಪ್ಪೆ ತಾನಾಗಿ ಮುಚ್ಚಬೇಕು, ಓದಿದ ಸಾಲನ್ನೇ ಮತ್ತೆ ಓದುವಂತಾಗಬೇಕು. ಮಲಗಿ ಸುಮಾರು ಕಾಲು ಗಂಟೆಯಾದರೂ ನಿದ್ದೆ ಹತ್ತಲಿಲ್ಲ ಅನ್ನಿಸಿದರೆ ಎದ್ದು ಬನ್ನಿ. ಮೂರು ಗಂಟೆಯ ಎಚ್ಚರಕ್ಕೂ ಇದೇ ನಿಯಮ. ಎದ್ದು ಏನು ಮಾಡಬೇಕು ಎನ್ನುವುದನ್ನು ಸಂಜೆಯೇ ಸಿದ್ಧ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಕೈ ಮೊಬೈಲಿಗೇ ಹೋಗುತ್ತದೆ. ಮಂದ ದೀಪದಲ್ಲಿ ಕುರ್ಚಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುವುದು, ಬಟ್ಟೆ ಮಡಿಸುವುದು, ಹೂ ಕಟ್ಟುವುದು: ಕೈಗೆ ಕೆಲಸವಿದ್ದು ತಲೆಗೆ ಇಲ್ಲದಂಥದ್ದು ಯಾವುದಾದರೂ ಸರಿ. ಒಂದೇ ಕೋಣೆಯ ಮನೆಯಾದರೆ ಹಾಸಿಗೆ ಬಿಟ್ಟು ಇನ್ನೊಂದು ಮೂಲೆಯಲ್ಲಿ ಚಾಪೆ ಮೇಲೆ ಕೂತರೂ ಆಯಿತು. ಕಣ್ಣು ಎಳೆದಾಗ ವಾಪಸು. ಒಂದೇ ರಾತ್ರಿ ನಾಲ್ಕು ಸಲ ಏಳಬೇಕಾದರೂ ಏಳಿ.

ಹೆಚ್ಚಿನವರು ಕೈಬಿಡುವುದು ಮೊದಲ ವಾರದಲ್ಲಿ. ನಿದ್ದೆ ಮೊದಲಿಗಿಂತ ಕಡಿಮೆಯಾಗುತ್ತದೆ, ಹಗಲು ಸಿಡುಕು, ಮರೆವು. ಅದು ವಿಧಾನ ಸೋತ ಲಕ್ಷಣವಲ್ಲ, ಒತ್ತಡ ಏರುತ್ತಿರುವ ಲಕ್ಷಣ. ಆ ದಿನಗಳಲ್ಲಿ ಸ್ಕೂಟರ್, ಕಾರು ಓಡಿಸಬೇಡಿ. ಎರಡನೇ ತಪ್ಪು ಇನ್ನೂ ಸಾಮಾನ್ಯ: ರಾತ್ರಿ 8.30ಕ್ಕೆ ಟಿವಿ ಮುಂದೆ ಹದಿನೈದು ನಿಮಿಷ ತೂಕಡಿಸುವುದು. ಇಡೀ ದಿನ ಕೂಡಿಟ್ಟ ನಿದ್ದೆಯ ಒತ್ತಡದ ಒಳ್ಳೆಯ ಪಾಲು ಅಲ್ಲೇ ಖರ್ಚಾಗುತ್ತದೆ. ಆ ಹೊತ್ತಿಗೆ ಎದ್ದು ಓಡಾಡಿ, ಪಾತ್ರೆ ತೊಳೆಯಿರಿ. ನಾಲ್ಕರಿಂದ ಆರು ವಾರ ಬಿಡದೆ ಮಾಡಿದವರಿಗೆ ಫಲ ಕಾಣುತ್ತದೆ.

ಚಿಂತೆಗೂ ಒಂದು ಹೊತ್ತು ಕೊಡಿ. ಸಂಜೆ 6ಕ್ಕೆ ಹದಿನೈದು ನಿಮಿಷ ಕೂತು, ಹಾಳೆಯ ಎಡಕ್ಕೆ ಚಿಂತೆ, ಬಲಕ್ಕೆ ಅದಕ್ಕೆ ನಾಳೆ ಮಾಡುವ ಒಂದು ಕೆಲಸ. 'ಯಜಮಾನರ ಎದೆನೋವು' ಎಂದಿದ್ದರೆ ಬಲಕ್ಕೆ 'ಸೋಮವಾರ ಫಾಲೋಅಪ್‌ಗೆ ಫೋನ್'. ಬಲಕ್ಕೆ ಬರೆಯಲು ಏನೂ ಇಲ್ಲದ ಚಿಂತೆಯೂ ಇರುತ್ತದೆ, ಅದನ್ನು ಬರೆದಿಟ್ಟರೇ ಸಾಕು. ಕಾಫಿ ಮಧ್ಯಾಹ್ನಕ್ಕೆ ಮುಗಿಸಿ: ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಸಂಜೆ ಐದರ ಫಿಲ್ಟರ್ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಕಾಲದ ಮೈಬಿಸಿಯೂ ಮೂರು ಗಂಟೆಗೆ ಎಬ್ಬಿಸಬಲ್ಲದು. ಬೆವತು ಎಚ್ಚರವಾಗುತ್ತಿದ್ದರೆ ಸ್ತ್ರೀರೋಗ ತಜ್ಞರಿಗೆ ಹೇಳಿ, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ.

ಇನ್ನು ಮಾತ್ರೆ. ಹೊಸ ಪದ್ಧತಿ ಶುರುವಾಗಿ ಮೂರು-ನಾಲ್ಕು ವಾರ ಕಳೆದ ಮೇಲೆ, ಬರೆದುಕೊಟ್ಟ ವೈದ್ಯರ ಜೊತೆ ಕೂತು ಇಳಿಸಲು ಶುರು ಮಾಡಿ. ಒಂದು ಸಲಕ್ಕೆ ಆಗಿನ ಪ್ರಮಾಣದ ಕಾಲು ಭಾಗಕ್ಕಿಂತ ಹೆಚ್ಚು ಇಳಿಸಬಾರದು, ಎರಡು ಇಳಿಕೆಗಳ ನಡುವೆ ಕನಿಷ್ಠ ಎರಡು ವಾರ ಇರಬೇಕು. ನಿಮ್ಮ ಮೊದಲ ಮೆಟ್ಟಿಲು 0.5ರಿಂದ 0.375: ಒಂದು 0.25 ಮಾತ್ರೆ, ಜೊತೆಗೆ ಇನ್ನೊಂದರ ಅರ್ಧ. ಎಸ್‌ಆರ್ ಎಂದು ಬರೆದ ಮಾತ್ರೆಯಾದರೆ ಮುರಿಯಬೇಡಿ, ನಿಧಾನ ಕರಗಬೇಕಾದದ್ದು ಒಮ್ಮೆಗೇ ರಕ್ತಕ್ಕೆ ಸೇರುತ್ತದೆ. 0.375ಕ್ಕಿಂತ ಕೆಳಗೆ ಮಾತ್ರೆ ಮುರಿದು ಸಣ್ಣ ಪ್ರಮಾಣ ಮಾಡುವುದು ಕಷ್ಟ. ಕೆಲವು ವೈದ್ಯರು ಆಗ ದೀರ್ಘಕಾಲ ನಿಲ್ಲುವ ಡಯಾಜೆಪಾಮ್‌ಗೆ ಬದಲಿಸಿ ಇಳಿಸುತ್ತಾರೆ. ಒಂದು ದಿನ ಬಿಟ್ಟು ಒಂದು ದಿನ ನುಂಗುವುದು ಇಳಿಸುವ ದಾರಿಯಲ್ಲ. ಬಿಟ್ಟ ರಾತ್ರಿ ನಿದ್ದೆ ಕೆಡುತ್ತದೆ, ನುಂಗಿದ ರಾತ್ರಿ ಬರುತ್ತದೆ, ಮಾತ್ರೆ ಇಲ್ಲದೆ ಆಗುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಪ್ರತಿ ಇಳಿಕೆಯ ನಂತರ ಕೆಲವು ರಾತ್ರಿ ಕೆಟ್ಟದಾಗಿರುತ್ತವೆ. ಅದು ಮಾತ್ರೆಯ ಎದುರೇಟು, ಹಳೆಯ ತೊಂದರೆ ಮರಳಿದ್ದಲ್ಲ. ಅಂಥ ರಾತ್ರಿ ಹಳೇ ಪ್ರಮಾಣಕ್ಕೆ ಜಿಗಿಯಬೇಡಿ, ಸಹಿಸಲಾಗದಿದ್ದರೆ ವೈದ್ಯರನ್ನು ಕೇಳಿ ಇಳಿಕೆಯನ್ನು ನಿಧಾನ ಮಾಡಿಸಿಕೊಳ್ಳಿ.

ಫಿಟ್ಸ್ ಇರುವವರು, ಬೈಪೋಲಾರ್ ಕಾಯಿಲೆಯವರು, ಬಸ್ಸು-ಲಾರಿ ಓಡಿಸುವವರು, ಗರ್ಭಿಣಿಯರು ಹಾಸಿಗೆಯ ಹೊತ್ತು ಕಡಿತ ಮಾಡುವುದನ್ನು ಸ್ವಂತವಾಗಿ ಶುರು ಮಾಡಕೂಡದು. ಬೈಪೋಲಾರ್ ಇರುವವರಲ್ಲಿ ನಿದ್ದೆಯ ಕೊರತೆಯೇ ಉನ್ಮಾದವನ್ನು ಎಬ್ಬಿಸಬಲ್ಲದು.

ಪ್ರಶ್ನೆ: ನಮ್ಮ ಅಣ್ಣನಿಗೆ 47 ವರ್ಷ, ಬಿಪಿ ಇದೆ, ದಪ್ಪ ಮೈ. ಗೊರಕೆ ಪಕ್ಕದ ಮನೆಗೆ ಕೇಳಿಸುತ್ತದೆ. ನಿದ್ದೆ ಸಾಲುತ್ತಿಲ್ಲ ಅಂತ ಕ್ಲೊನಾಜೆಪಾಮ್ ತಗೋತಾನೆ, ಆದರೂ ಹಗಲು ಪೂರ್ತಿ ತೂಕಡಿಕೆ. ಅತ್ತಿಗೆ ಹೇಳುವ ಪ್ರಕಾರ ರಾತ್ರಿ ಗೊರಕೆ ಥಟ್ಟನೆ ನಿಂತು, ಉಸಿರಿಗೆ ಒದ್ದಾಡಿ ಏಳುತ್ತಾನೆ.

ಉತ್ತರ: ನಿಮ್ಮ ಅತ್ತಿಗೆ ನೋಡಿ ಹೇಳಿದ್ದು ಬಹಳ ಮುಖ್ಯವಾದ ಮಾತು. ಇದು ಸ್ಲೀಪ್ ಆಪ್ನಿಯಾ ಇರುವ ಸಾಧ್ಯತೆ ಹೆಚ್ಚು: ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚುತ್ತದೆ, ಆಮ್ಲಜನಕ ಇಳಿದಾಗ ಮಿದುಳು ಎಬ್ಬಿಸುತ್ತದೆ. ಕ್ಲೊನಾಜೆಪಾಮ್ ಆ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತದೆ, ಎಬ್ಬಿಸುವ ಎಚ್ಚರವನ್ನೂ ಮಂಕು ಮಾಡುತ್ತದೆ. ರಾತ್ರಿ ಮದ್ಯವೂ ಅದನ್ನೇ ಮಾಡುತ್ತದೆ. ಇಎನ್‌ಟಿ ಅಥವಾ ಶ್ವಾಸಕೋಶ ತಜ್ಞರ ಬಳಿ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ, ಮಾಡಿಸಿ. ಮನೆಯಲ್ಲೇ ಮಾಡುವ ಪರೀಕ್ಷೆಯೂ ಇದೆ. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಎನ್ನುವುದು ಎಎಚ್‌ಐ ಅಂಕಿ. 5ರಿಂದ ಮೇಲೆ ಆಪ್ನಿಯಾ, 15ರಿಂದ ಮಧ್ಯಮ, 30 ಮತ್ತು ಮೇಲೆ ತೀವ್ರ. ತೀವ್ರವಾಗಿದ್ದರೆ ಮುಖವಾಡದ ಮೂಲಕ ಒತ್ತಡದಲ್ಲಿ ಗಾಳಿ ಊದಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರವೇ ಚಿಕಿತ್ಸೆ. ಅದು ಸಿಗುವವರೆಗೆ ಮಗ್ಗುಲಾಗಿ ಮಲಗಲಿ, ದೂರದ ಡ್ರೈವಿಂಗ್ ಬಿಡಲಿ, ಮಾತ್ರೆ ಇಳಿಸುವುದನ್ನು ವೈದ್ಯರ ಜೊತೆ ಮಾತಾಡಲಿ.

ಪ್ರಶ್ನೆ: ಮಲಗಿದ ಕೂಡಲೇ ಮೀನಖಂಡದೊಳಗೆ ಏನೋ ಹರಿದಾಡಿದ ಹಾಗೆ. ಕಾಲು ಆಡಿಸಿದರೆ ಅಥವಾ ಎದ್ದು ನಡೆದರೆ ಕಡಿಮೆ. ನಿದ್ದೆ ಮಾತ್ರೆಯಿಂದ ಏನೂ ಆಗಿಲ್ಲ. ವಯಸ್ಸು 38, ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ.

ಉತ್ತರ: ಇದು ರೆಸ್ಟ್‌ಲೆಸ್ ಲೆಗ್ಸ್ ತೊಂದರೆಯ ಲಕ್ಷಣ, ನಿಮ್ಮಲ್ಲಿ ಕಬ್ಬಿಣಾಂಶದ ಕೊರತೆಯಿಂದ ಬಂದಿರುವ ಸಾಧ್ಯತೆ ದೊಡ್ಡದು. ಹಿಮೋಗ್ಲೋಬಿನ್ ಒಂದೇ ಸಾಲದು, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಲ್ಯಾಬ್ 'ನಾರ್ಮಲ್' ಎಂದು ಬರೆದರೂ ಅಂಕಿ 75ಕ್ಕಿಂತ ಕೆಳಗಿದ್ದರೆ ಈ ತೊಂದರೆಯಲ್ಲಿ ಕಬ್ಬಿಣದ ಚಿಕಿತ್ಸೆ ಕೊಡುತ್ತಾರೆ. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾ, ಹಾಲಿನ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳಿ. ನೆಗಡಿ ಮಾತ್ರೆಯಲ್ಲಿರುವ ಮಂಪರು ತರಿಸುವ ಆಂಟಿಹಿಸ್ಟಮಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಖಿನ್ನತೆಗೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಇವು ಕಾಲಿನ ಚಡಪಡಿಕೆಯನ್ನು ಹೆಚ್ಚಿಸುತ್ತವೆ. ಯಾವುದಾದರೂ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತೋರಿಸಿ. ಅತಿ ರಕ್ತಸ್ರಾವದ ಕಾರಣ ಪತ್ತೆಯಾಗದೆ ಕಬ್ಬಿಣ ಎಷ್ಟು ತುಂಬಿದರೂ ಮತ್ತೆ ಇಳಿಯುತ್ತದೆ.

ಪ್ರಶ್ನೆ: ಗಸಗಸೆ ಹಾಲು, ಮೆಲಟೋನಿನ್, ಇವುಗಳಿಂದ ಉಪಯೋಗ ಉಂಟೇ? ನನಗೆ ಬೆಳಗಿನ ಜಾವ 4ಕ್ಕೇ ಎಚ್ಚರ, ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರುವುದಿಲ್ಲ.

ಉತ್ತರ: ಗಸಗಸೆಯಲ್ಲಿರುವ ಅಫೀಮಿನ ಅಂಶ ಅತ್ಯಲ್ಪ, ತೊಳೆದು ಹುರಿದರೆ ಅದೂ ಇಳಿಯುತ್ತದೆ. ರುಚಿಗೆ ಕುಡಿಯಿರಿ, ಔಷಧಿಯೆಂದು ಬೇಡ. ಮೆಲಟೋನಿನ್ ನೆರವಾಗುವುದು ಮುಖ್ಯವಾಗಿ ರಾತ್ರಿ ಎರಡಾದರೂ ನಿದ್ದೆ ಬಾರದೆ ಬೆಳಿಗ್ಗೆ ಹತ್ತಕ್ಕೆ ಏಳುವವರಿಗೆ, ಅವರ ದೇಹದ ಗಡಿಯಾರವನ್ನು ಹಿಂದಕ್ಕೆ ಸರಿಸಲು. ನಿಮ್ಮ ತೊಂದರೆ ಅದಲ್ಲ. ಬೆಳಗಿನ ಜಾವದ ಎಚ್ಚರ, ಆಸಕ್ತಿ ಹೋಗಿರುವುದು, ಊಟ ಸೇರದಿರುವುದು ಮೂರೂ ಸೇರಿದಾಗ ಮೊದಲು ನೋಡಬೇಕಾದದ್ದು ಖಿನ್ನತೆ. ಎರಡು ವಾರಕ್ಕಿಂತ ಹೆಚ್ಚಾಗಿದ್ದರೆ ಈ ವಾರವೇ ಮನೋವೈದ್ಯರನ್ನು ಕಾಣಿರಿ. ಜಿಲ್ಲಾಸ್ಪತ್ರೆಯಲ್ಲೂ ಮಾನಸಿಕ ಆರೋಗ್ಯ ವಿಭಾಗವಿದೆ. ಬದುಕು ಬೇಡ ಅನ್ನಿಸಿದ ಕ್ಷಣವಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಮನೆಯವರನ್ನು ಎಬ್ಬಿಸಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.